ನಿಮಗಿದು ಗೊತ್ತೆ? ಕರ್ನಾಟಕ ಸಂತೋಷ್ ಟ್ರೋಫಿ ಎತ್ತಿದ್ದು ಅರಬ್ ನೆಲದಲ್ಲಿ!

ಅರಬ್ ರಾಷ್ಟ್ರಗಳ ತಂಡಗಳು ತಮ್ಮತಮ್ಮಲ್ಲೇ ಸೆಣಸುವ ಅರಬ್ ಕಪ್ ಫುಟ್‌ಬಾಲ್ ಶುರುವಾದದ್ದು 1963ರಲ್ಲಿ, ಲೆಬನಾನಿನ ಬೈರೂತ್‌ನಲ್ಲಿ. ಆಡಿದ್ದು ಐದೇ ತಂಡ, ಗೆದ್ದದ್ದು ಟ್ಯುನೀಷಿಯಾ. ಆಮೇಲೆ ಇರಾಕಿನದೇ ದರ್ಬಾರು: 1964, 1966, 1985, 1988, ಹೀಗೆ ಸತತ ನಾಲ್ಕು ಕಪ್. ನಡುವೆ 19 ವರ್ಷ ಟೂರ್ನಿಯೇ ನಡೆಯಲಿಲ್ಲ.

ಅಂಥ ಫುಟ್‌ಬಾಲ್ ಪ್ರೀತಿಯ ನಾಡಿನಲ್ಲಿ ನಮ್ಮವರೂ ಒಂದು ಕಪ್ ಗೆದ್ದಿದ್ದಾರೆ. ನಮ್ಮ ದೇಶದ ರಾಜ್ಯ ತಂಡಗಳು ಸೆಣಸುವ, 1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿ ಫುಟ್‌ಬಾಲ್‌ನ ಸೆಮಿಫೈನಲ್, ಫೈನಲ್‌ಗಳು 2023ರಲ್ಲಿ ಮೊದಲ ಬಾರಿಗೆ ದೇಶದ ಹೊರಗೆ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದವು. ಮಾರ್ಚ್ 4ರಂದು ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಮಣಿಸಿತು. ಸುನಿಲ್ ಕುಮಾರ್, ಬೇಕೆ ಓರಾಮ್, ರಾಬಿನ್ ಯಾದವ್ ಗೋಲು ಹೊಡೆದರು. 1992ರಲ್ಲಿ ಅರ್ಜೆಂಟೀನಾ ಮೊದಲ ಕಿಂಗ್ ಫಹದ್ ಕಪ್ ಗೆದ್ದದ್ದೂ ಇದೇ ಅಂಗಳದಲ್ಲಿ!

ರಾಜ್ಯಕ್ಕೆ ಈ ಟ್ರೋಫಿ ಮರಳಿದ್ದು 54 ವರ್ಷಗಳ ಮೇಲೆ. ಹಿಂದಿನ ನಾಲ್ಕೂ ಗೆಲುವು ಮೈಸೂರು ಎಂಬ ಹೆಸರಿನಲ್ಲಿದ್ದವು. ಅವುಗಳಲ್ಲಿ ಮೊದಲ ಎರಡರ ಹೊತ್ತಿಗೆ, ಅಂದರೆ 1946–47 ಮತ್ತು 1952–53ರಲ್ಲಿ, ರಾಯಚೂರು ಸೀಮೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಇನ್ನೂ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. 1956ರ ಏಕೀಕರಣದ ನಂತರ ಬಂದ 1967–68, 1968–69ರ ಕಪ್‌ಗಳಲ್ಲಿ ರಾಯಚೂರು ಸೀಮೆಯವರಿಗೂ ಪಾಲಿತ್ತು. ರಿಯಾದ್‌ನದು ಕರ್ನಾಟಕ ಎಂಬ ಹೆಸರಿನಲ್ಲಿ ಬಂದ ಮೊದಲ ಸಂತೋಷ್ ಟ್ರೋಫಿ.