ಕಾಂತಾರ್ ಎಂದರೆ ಹಾಡುವುದು

ನಮ್ಮ ‘ಕಾಂತಾರ’ ಸಿನಿಮಾದ ಹೆಸರು ಕೇಳಿದರೆ ಸ್ಪ್ಯಾನಿಷ್ ಬಲ್ಲವರಿಗೆ ಹಾಡು ನೆನಪಾದೀತು. ಆ ಭಾಷೆಯಲ್ಲಿ ‘ಕಾಂತಾರ್’ ಎಂದರೆ ಹಾಡುವುದು. ಸ್ಪ್ಯಾನಿಷ್ ಕಲಿಯುವವರು ಮೊದಲು ಕಾಣುವ ಕ್ರಿಯಾಪದಗಳಲ್ಲಿ ಇದೂ ಒಂದು.

ಕೋಲ್ಕತ್ತಕ್ಕೆ ಸ್ಪ್ಯಾನಿಷ್ ಹೊಸದೇನಲ್ಲ. ಟ್ಯಾಗೋರರನ್ನು ಸೆನೋಬಿಯಾ ಕಾಂಪ್ರುಬಿ 1915ರಲ್ಲೇ ಆ ಭಾಷೆಗೆ ಅನುವಾದಿಸಿದ್ದರು. 1924ರಲ್ಲಿ ಕವಿ ಅರ್ಜೆಂಟೀನಾದಲ್ಲಿ ವಿಕ್ಟೋರಿಯಾ ಒಕಾಂಪೊ ಅವರ ಅತಿಥಿಯಾಗಿದ್ದರು. 2023ರ ಕೋಲ್ಕತ್ತ ಪುಸ್ತಕ ಮೇಳದ ಕೇಂದ್ರ ದೇಶ ಸ್ಪೇನ್. ಗೋಲ್‌ಪಾರ್ಕ್‌ನ ರಾಮಕೃಷ್ಣ ಮಿಷನ್ ಸಂಸ್ಕೃತಿ ಸಂಸ್ಥೆಯಲ್ಲಿ ಸ್ಪ್ಯಾನಿಷ್ ತರಗತಿಗಳಿವೆ. ಇಂಥ ತರಗತಿಗೆ ಹೋಗುವ ಕನ್ನಡಿಗರಿಗೆ ಒಂದು ಅನುಕೂಲವಿದೆ: ಅರ್ಧ ಪಾಠ ಮನೆಯಲ್ಲೇ ಆಗಿರುತ್ತದೆ.

‘ಕಾಂತಾರ್’ನ ಕೊನೆಯ ‘ಆರ್’ ತೆಗೆಯಿರಿ. ಉಳಿಯುವ ‘ಕಾಂತ್’ಗೆ ಪ್ರತ್ಯಯ ಹಚ್ಚಿ:

ಕಾಂತೊ – ಹಾಡ್ತೀನಿ
ಕಾಂತಾಸ್ – ಹಾಡ್ತೀಯ
ಕಾಂತಾ – ಹಾಡ್ತಾನೆ, ಹಾಡ್ತಾಳೆ
ಕಾಂತಾಮೊಸ್ – ಹಾಡ್ತೀವಿ
ಕಾಂತಾಯಿಸ್ – ಹಾಡ್ತೀರ
ಕಾಂತಾನ್ – ಹಾಡ್ತಾರೆ

ನಾನು, ನೀನು ಎಂಬುದನ್ನು ಬಿಟ್ಟರೂ ಅರ್ಥ ಕೆಡಲಿಲ್ಲ, ನೋಡಿ. ಇಂಗ್ಲಿಷಿನಲ್ಲಿ ಹೀಗೆ ಬಿಡಲಾಗದು. ನಮ್ಮಲ್ಲೂ ಸ್ಪ್ಯಾನಿಷಿನಲ್ಲೂ ಹಾಡುವವರು ಯಾರು ಎಂಬುದು ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ‘ನಾಳೆ ಹಾಡ್ತೀನಿ’ ಎಂದು ನಾವು ವರ್ತಮಾನದಲ್ಲೇ ಭವಿಷ್ಯ ಹೇಳುವಂತೆ ಅವರೂ ‘ಮಾನ್ಯಾನಾ ಕಾಂತೊ’ ಎನ್ನಬಹುದು. ‘ತ’ ಕೂಡ ನಮ್ಮ ದಂತ್ಯ ‘ತ’ವೇ, ಇಂಗ್ಲಿಷಿನ ‘ಟ’ ಅಲ್ಲ.

ಒಂದು ಕಡೆ ಮಾತ್ರ ಕನ್ನಡ ಕೈಕೊಡುತ್ತದೆ. ಗೌರವಕ್ಕೆ ನಾವು ‘ನೀವು ಹಾಡ್ತೀರ’ ಎಂದು ಬಹುವಚನ ಬಳಸುತ್ತೇವೆ. ಸ್ಪ್ಯಾನಿಷಿನ ಗೌರವದ ‘ಉಸ್ತೆದ್’ ಎದುರಿಗಿರುವವರನ್ನೇ ಕರೆದರೂ ‘ಅವನು, ಅವಳು’ಗಳ ರೂಪ ಪಡೆಯುತ್ತದೆ: ಉಸ್ತೆದ್ ಕಾಂತಾ. ‘ತಮ್ಮ ಕೃಪೆ’ ಎಂಬಂಥ ಹಳೆಯ ಸಂಬೋಧನೆ ಸವೆದು ಆದ ಪದ ಅದು. ಇಲ್ಲಿ ನೆರವಿಗೆ ಬರುವುದು ಬಾಂಗ್ಲಾ. ‘ಆಪನಿ ಗಾನ್’ ಎಂದರೆ ತಾವು ಹಾಡುತ್ತೀರಿ. ‘ತಿನಿ ಗಾನ್’ ಎಂದರೆ ಅವರು ಹಾಡುತ್ತಾರೆ. ಎರಡಕ್ಕೂ ಒಂದೇ ರೂಪ. ದಿನವೂ ಮೀನಿನಂಗಡಿಯಲ್ಲಿ, ಬಸ್ಸಿನಲ್ಲಿ ‘ಆಪನಿ’ ಎನ್ನುವವರಿಗೆ ‘ಉಸ್ತೆದ್’ ವಿಚಿತ್ರವೆನಿಸದು.

ನಿಜವಾದ ಕಷ್ಟ ಒತ್ತಿನದು. ‘ಕಾಂತೊ’ದಲ್ಲಿ ಮೊದಲ ಅಕ್ಷರವನ್ನು ಒತ್ತಿ ಹೇಳಿದರೆ ‘ಹಾಡ್ತೀನಿ’. ಕೊನೆಯದನ್ನು ಒತ್ತಿದರೆ ‘ಹಾಡಿದ’, ‘ಹಾಡಿದಳು’. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗದು. ಹಾಗಾಗಿ ಇದನ್ನು ಕಿವಿಯಿಂದಲೇ ಕಲಿಯಬೇಕು.

ಇಷ್ಟೆಲ್ಲ ಹೇಳಲು ಕಾರಣವಿದೆ. ಹೊರಗೆ ಬಾಂಗ್ಲಾ, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ. ಇದರ ಮೇಲೆ ಇನ್ನೊಂದು ಭಾಷೆ ಬಂದಾಗ, ಕನ್ನಡ ಬಿಟ್ಟರೆ ಮಗುವಿನ ಹೊರೆ ಇಳಿದೀತು ಎಂದುಕೊಳ್ಳುವ ತಂದೆತಾಯಂದಿರಿದ್ದಾರೆ. ಆದರೆ ಇಂಗ್ಲಿಷ್ ಕಲಿಸದ ಈ ಆರು ಬಾಲಗಳನ್ನು ಮಗು ವ್ಯಾಕರಣದ ಹೆಸರೇ ಕೇಳದೆ ಊಟದ ಹೊತ್ತಿನ ಮಾತಿನಲ್ಲಿ ಕಲಿತಿರುತ್ತದೆ. ಆ ಮಾತು ನಿಂತರೆ ಹೊರೆ ಇಳಿಯುವುದಿಲ್ಲ, ಮುಂದಿನ ಭಾಷೆಗೆ ಹಿಡಿದುಕೊಳ್ಳುವ ಹಿಡಿ ಹೋಗುತ್ತದೆ.

ಇಂದು ರಾತ್ರಿ ಮಕ್ಕಳ ಜೊತೆ ಇದನ್ನು ಪ್ರಯತ್ನಿಸಿ. ‘ಆಬ್ಲಾರ್’ ಎಂದರೆ ಮಾತಾಡುವುದು. ನೀವು ‘ಮಾತಾಡ್ತೀನಿ’ ಅನ್ನಿ, ಅವರು ‘ಆಬ್ಲೊ’ ಅನ್ನಲಿ. ಮಿಕ್ಕ ಐದನ್ನು ಅವರೇ ಹೇಳಿಯಾರು.