ಟೈರ್ ದೊಡ್ಡದಾದ್ರೆ ದಾರಿ ಸಣ್ಣದಾಗುತ್ತೆ!

ಬೂದಿಕೋಟೆ ಅಂದ್ರೆ ಇತಿಹಾಸ ಓದಿದವರಿಗೆ ಹೈದರಾಲಿ ಹುಟ್ಟಿದ ಊರು. ಬಂಗಾರಪೇಟೆ ಅಂದ್ರೆ ರೈಲ್ವೆ ಜಂಕ್ಷನ್, ಜೊತೆಗೆ ಪಾನಿಪೂರಿ. ಕೆಜಿಎಫ್ ಅಂದ್ರೆ ಹಳಬರಿಗೆ ಚಿನ್ನದ ಗಣಿ, ಹುಡುಗರಿಗೆ ಸಿನಿಮಾ. ಆದರೆ ಈ ಮೂರೂ ಊರಿಗೆ ಇವತ್ತು ಇನ್ನೊಂದು ಗುರುತಿದೆ. ದಿನಾ ಬೆಂಗಳೂರಿಗೆ ಹೋಗಿ, ದಿನಾ ವಾಪಸ್ ಬರುವವರ ಊರುಗಳಿವು. 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಅನ್ನ ಹುಡುಕಿಕೊಂಡು ಜನ ಬೆಂಗಳೂರಿನ ರೈಲು ಹತ್ತಿದರು. ಬೆಳಗ್ಗೆ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಕಾಲಿಡೋಕೆ ಜಾಗ ಸಿಕ್ಕರೆ ಅದೇ ಪುಣ್ಯ.

ಈಗ ಅದೇ ಸೀಮೆಯಲ್ಲಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂದಿದೆ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆಗೆ ಕರ್ನಾಟಕದ ಪಾಲು ಸುಮಾರು 70 ಕಿ.ಮೀ. 2024ರ ಕೊನೆಗೆ ಅಲ್ಲಿ ಕಾರುಗಳ ಓಡಾಟ ಶುರುವಾಯ್ತು. ದಿನಕ್ಕೆ ನೂರು, ನೂರೈವತ್ತು ಕಿಲೋಮೀಟರ್ ಓಡಿಸುವವರು ಪೆಟ್ರೋಲ್ ಲೆಕ್ಕ ಹಾಕ್ತಾರೆ, ಕರೆಂಟ್ ಲೆಕ್ಕ ಹಾಕ್ತಾರೆ, ಕೊನೆಗೆ ಎಲೆಕ್ಟ್ರಿಕ್ ಕಾರು ತಗೋತಾರೆ. ಸರಿಯಾದ ಲೆಕ್ಕವೇ.

ತೊಂದರೆ ಶುರುವಾಗೋದು ಎಕ್ಸ್‌ಪ್ರೆಸ್‌ವೇ ಇಳಿದ ಮೇಲೆ. ಊರೊಳಗೆ ಬಂದರೆ ಹಂಪು, ಗುಂಡಿ, ಪೈಪ್‌ಲೈನ್‌ಗೆ ಅಗೆದು ಅರ್ಧ ಮುಚ್ಚಿದ ಕಾಲುವೆ. ಕಾರಿನ ಅಡಿ ಟರ್ ಅಂತ ಉಜ್ಜುತ್ತೆ. ಎಲೆಕ್ಟ್ರಿಕ್ ಕಾರಿನ ಅಡಿಯಲ್ಲಿರೋದು ಬ್ಯಾಟರಿ. ಇಡೀ ಕಾರಿನಲ್ಲಿ ಅತಿ ದುಬಾರಿ ವಸ್ತು ಅದೇ. ಎದೆ ಝಲ್ ಅನ್ನುತ್ತೆ. ಟೈರ್ ಅಂಗಡಿಗೆ ಹೋದರೆ ಅಲ್ಲಿ ಪರಿಹಾರ ರೆಡಿ: “ಸಾರ್, ಒಂದು ಸೈಜ್ ದೊಡ್ಡದು ಹಾಕ್ಸಿ. ಆಲ್ ವೆದರ್ ಹಾಕ್ಸಿ. ಮಳೆ, ಬಿಸಿಲು, ಮಣ್ಣು, ಯಾವುದಕ್ಕೂ ಯೋಚನೆ ಮಾಡಬೇಡಿ.”

ಯೋಚನೆ ಮಾಡಬೇಕು ಸ್ವಾಮಿ. ಇದು ಬರೀ ಟೈರ್ ಬದಲಾಯಿಸುವ ವಿಷಯ ಅಲ್ಲ. ನೀವು ರಾತ್ರಿ ಮನೆ ಮುಟ್ಟುವ ವಿಷಯ.

ಮೊದಲು ಟೈರಿನ ಮೇಲಿನ ಅಂಕಿ ಓದೋಣ. ಟಿಯಾಗೊ ಇವಿ ಕಾರಿನ ಟೈರ್ 175/65 ಆರ್ 14. ಇದರಲ್ಲಿ 175 ಅನ್ನೋದು ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 65 ಅಂದ್ರೆ ಆ ಅಗಲದ ಶೇ. 65ರಷ್ಟು ಸೈಡ್‌ವಾಲ್ ಎತ್ತರ. 14 ಅಂದ್ರೆ ಒಳಗಿನ ರಿಮ್ಮಿನ ಇಂಚು. ಲೆಕ್ಕ ಹಾಕಿದರೆ ಇಡೀ ಚಕ್ರದ ಎತ್ತರ ಸುಮಾರು 583 ಮಿ.ಮೀ. ಈಗ ಅದೇ ರಿಮ್ಮಿಗೆ 185/70 ಆರ್ 14 ಟೈರ್ ಹಾಕಿಸಿದಿರಿ ಅನ್ನಿ. ಎತ್ತರ ಸುಮಾರು 615 ಮಿ.ಮೀ. ಆಯ್ತು. ಮೂರು ಸೆಂಟಿಮೀಟರ್ ಹೆಚ್ಚಾಯ್ತಲ್ಲ ಅಂತೀರಾ? ಅದರಲ್ಲಿ ಅರ್ಧ ಮಾತ್ರ ಕಾರನ್ನು ಮೇಲೆತ್ತುತ್ತೆ, ಇನ್ನರ್ಧ ಚಕ್ರದ ನಡುವಿನಿಂದ ಮೇಲಕ್ಕೆ ಹೋಗುತ್ತೆ. ನಿಮ್ಮ ಬ್ಯಾಟರಿಗೆ ಸಿಕ್ಕ ಲಾಭ ಒಂದೂವರೆ ಸೆಂಟಿಮೀಟರ್. ಅಷ್ಟೇ.

ಈ ಒಂದೂವರೆ ಸೆಂಟಿಮೀಟರಿಗೆ ನೀವು ಕೊಡುವ ಬೆಲೆ ಏನು?

ಮೊದಲನೇದು ಮೀಟರ್. ಕಾರಿಗೆ ಗೊತ್ತಾಗೋದು ಚಕ್ರ ಎಷ್ಟು ಸುತ್ತು ತಿರುಗಿತು ಅನ್ನೋದಷ್ಟೇ. ಚಕ್ರ ದೊಡ್ಡದಾಗಿದೆ ಅಂತ ಅದಕ್ಕೆ ಯಾರೂ ಹೇಳಿಲ್ಲ. ನಮ್ಮ ಲೆಕ್ಕದ ಟೈರಿನಲ್ಲಿ ಒಂದು ಸುತ್ತಿಗೆ ಶೇ. 5ಕ್ಕಿಂತ ಸ್ವಲ್ಪ ಹೆಚ್ಚು ದೂರ ಹೋಗುತ್ತೆ. ಮೊದಲು 80 ತೋರಿಸ್ತಿದ್ದ ವೇಗದಲ್ಲಿ ಈಗ ಕಾರು 84ರಲ್ಲಿ ಓಡ್ತಿರುತ್ತೆ. ಕಂಪನಿಯವರು ಸಾಮಾನ್ಯವಾಗಿ ಸ್ಪೀಡೋಮೀಟರ್ ಸ್ವಲ್ಪ ಹೆಚ್ಚೇ ತೋರಿಸೋ ಹಾಗೆ ಇಟ್ಟಿರ್ತಾರೆ, ನಿಮ್ಮ ರಕ್ಷಣೆಗೆ. ಆ ರಕ್ಷಣೆಯನ್ನು ನೀವೇ ದುಡ್ಡು ಕೊಟ್ಟು ತೆಗೆಸಿದ ಹಾಗಾಯ್ತು.

ಎರಡನೇದು ಕರೆಂಟ್. ಗಾಳಿ ಕಮ್ಮಿ ಇರೋ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟೈರ್ ನೆಲಕ್ಕೆ ಒತ್ತಿಕೊಂಡಾಗ ಚಪ್ಪಟೆ ಆಗುತ್ತೆ, ಮುಂದೆ ಹೋದಾಗ ಮತ್ತೆ ದುಂಡಗಾಗುತ್ತೆ. ಈ ಮಡಚಿ ಬಿಡಿಸುವ ಕೆಲಸದಲ್ಲಿ ರಬ್ಬರ್ ಬಿಸಿಯಾಗುತ್ತೆ. ಆ ಬಿಸಿ ನಿಮ್ಮ ಬ್ಯಾಟರಿಯಿಂದ ಹೋದ ಕರೆಂಟು. ಎಲೆಕ್ಟ್ರಿಕ್ ಕಾರಿಗೆ ಕಂಪನಿಯಿಂದ ಬರುವ ಟೈರಿನಲ್ಲಿ ಈ ನಷ್ಟ ಕಡಿಮೆ ಇರೋ ಹಾಗೆ ರಬ್ಬರನ್ನು ಆರಿಸಿರ್ತಾರೆ. ದಪ್ಪ ಗುಂಡಿಗಳ, ಭಾರದ, ಅಗಲದ ಟೈರ್ ಹಾಕಿದರೆ ನಷ್ಟ ಹೆಚ್ಚು.

ಪೆಟ್ರೋಲ್ ಕಾರಿನವರು ಇದನ್ನು ಅಷ್ಟು ಗಮನಿಸಲ್ಲ. ಯಾಕೆ ಅಂದ್ರೆ ಪೆಟ್ರೋಲ್ ಎಂಜಿನ್ನು ಮುಕ್ಕಾಲು ಪಾಲಿನಷ್ಟು ಶಕ್ತಿಯನ್ನು ಮೊದಲೇ ಬಿಸಿ ಮಾಡಿ ಹೊರಗೆ ಬಿಟ್ಟಿರುತ್ತೆ. ಎಲೆಕ್ಟ್ರಿಕ್ ಕಾರಿನಲ್ಲಿ ಹೆಚ್ಚಿನ ಪಾಲು ನೇರ ಚಕ್ರಕ್ಕೇ ಹೋಗುತ್ತೆ. ಹಾಗಾಗಿ ಚಕ್ರದಲ್ಲಿ ಆಗೋ ಸೋರಿಕೆ ಎದ್ದು ಕಾಣುತ್ತೆ.

ಸೋರಿಕೆ ಅಂದ್ರೆ ಏನು ಅಂತ ಕೆಜಿಎಫ್‌ಗೆ ಬೇರೆ ಊರಿನವರು ಪಾಠ ಹೇಳೋ ಹಾಗಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರ ತಂತಿ ಎಳೆದು ಈ ಗಣಿಗಳಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಅಷ್ಟು ದೂರದಿಂದ ಕಳಿಸುವಾಗ ದಾರಿಯಲ್ಲೇ ಕರೆಂಟ್ ಬಿಸಿಯಾಗಿ ಹೋಗಬಾರದು ಅಂತ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದರು. ಉತ್ಪಾದನೆ ಎಷ್ಟು ಅನ್ನೋದಕ್ಕಿಂತ ಮುಟ್ಟಿದ್ದು ಎಷ್ಟು ಅನ್ನೋದು ಮುಖ್ಯ. ಕಾರಿಗೂ ಅದೇ ಮಾತು.

ಲೆಕ್ಕ ಹಾಕೋಣ. ಬೂದಿಕೋಟೆಯಲ್ಲಿ ಮನೆ, ಬೆಂಗಳೂರಿನ ಅಂಚಿನಲ್ಲಿ ಕೆಲಸ. ಹೋಗಿ ಬರೋದು 140 ಕಿ.ಮೀ. ಅಂತ ಇಟ್ಟುಕೊಳ್ಳಿ. ಕಾರಿನ ಬ್ಯಾಟರಿ 24 ಯೂನಿಟ್. ಎಸಿ ಹಾಕಿಕೊಂಡು, ನಿಜವಾದ ರಸ್ತೆಯಲ್ಲಿ ಫುಲ್ ಚಾರ್ಜಿಗೆ 200 ಕಿ.ಮೀ. ಬರ್ತಿದೆ ಅನ್ನಿ. ಮನೆ ಸೇರಿದಾಗ 60 ಕಿ.ಮೀ. ಮಿಕ್ಕಿರುತ್ತೆ. ಈಗ ಹೊಸ ಟೈರು ಶೇ. 10ರಷ್ಟು ಹೆಚ್ಚು ಕರೆಂಟ್ ತಿಂದಿತು ಅನ್ನಿ. 200 ಇದ್ದದ್ದು 182ಕ್ಕೆ ಇಳೀತು. ಮಿಕ್ಕೋದು 42.

ಇಲ್ಲೊಂದು ತಮಾಷೆ ಇದೆ. ಮೀಟರ್ ನೋಡಿದರೆ 182 ಅಂತಲೂ ತೋರಿಸಲ್ಲ, 173 ತೋರಿಸುತ್ತೆ. 27 ಕಿ.ಮೀ. ಹೋಯ್ತು ಅಂತ ನೀವು ಬಾಯಿ ಬಾಯಿ ಬಡ್ಕೋತೀರಿ. ನಿಜವಾಗಿ ಹೋಗಿದ್ದು 18. ಉಳಿದ 9 ಕಿ.ಮೀ. ನೀವು ಓಡಿದ್ದೀರಿ, ಮೀಟರ್ ಅದನ್ನು ಬರ್ಕೊಂಡಿಲ್ಲ! ದೊಡ್ಡ ಟೈರ್ ಹಾಕಿದವರು ‘ಮೈಲೇಜ್ ಬಿದ್ದು ಹೋಯ್ತು’ ಅಂದಾಗ ಅದರಲ್ಲಿ ಎಷ್ಟು ನಿಜ, ಎಷ್ಟು ಮೀಟರಿನ ಸುಳ್ಳು ಅಂತ ಮೊದಲು ಬಿಡಿಸಿ ನೋಡಬೇಕು. ಫೋನಿನ ಜಿಪಿಎಸ್ ಇಟ್ಟು ನೋಡಿದರೆ ಗೊತ್ತಾಗುತ್ತೆ.

42 ಸಾಕಲ್ಲ ಅನ್ನಬಹುದು. ಇವತ್ತಿಗೆ ಸಾಕು. ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ಮೇಲೆ ಓಡಿಸಿದರೆ ಗಾಳಿಯ ತಡೆ ಒಂದಷ್ಟು ತಿನ್ನುತ್ತೆ. ನಾಲ್ಕೈದು ವರ್ಷಕ್ಕೆ ಬ್ಯಾಟರಿಯ ಶಕ್ತಿ ಒಂದಷ್ಟು ಇಳಿಯುತ್ತೆ. ಹಿಂದಿನ ರಾತ್ರಿ ಊರಲ್ಲಿ ಕರೆಂಟ್ ಹೋಗಿ ಚಾರ್ಜ್ ಅರ್ಧಕ್ಕೇ ನಿಂತಿರುತ್ತೆ. ಪೆಟ್ರೋಲ್ ಮುಗಿದರೆ ಯಾರೋ ಬಾಟಲಿಯಲ್ಲಿ ತಂದು ಕೊಡ್ತಾರೆ. ಕರೆಂಟನ್ನು ಬಾಟಲಿಯಲ್ಲಿ ತರೋಕಾಗಲ್ಲ!

ಇನ್ನು ಈ ‘ಆಲ್ ವೆದರ್’ ಅನ್ನೋ ಮಾತು. ಇದು ಹುಟ್ಟಿದ್ದು ಹಿಮ ಬೀಳುವ ದೇಶಗಳಲ್ಲಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಹಾಕಲೇಬೇಕು, ಕಾನೂನು. ಅಂಥ ಕಡೆ ಇರುವ ನಮ್ಮ ಕನ್ನಡಿಗರಿಗೆ ವರ್ಷಕ್ಕೆರಡು ಸಲ ಟೈರ್ ಬದಲಾಯಿಸೋದೇ ಒಂದು ಹಬ್ಬ. ಅದು ತಪ್ಪಲಿ ಅಂತ ಬಂದದ್ದು ಆಲ್ ವೆದರ್ ಟೈರ್. ಅದರ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹೂವಿನ ಗುರುತಿರುತ್ತೆ. ಚಳಿಯಲ್ಲೂ ಗಟ್ಟಿಯಾಗದೆ ಮೆತ್ತಗಿರುವ ರಬ್ಬರ್ ಅದು. ಕೋಲಾರ ಜಿಲ್ಲೆಯಲ್ಲಿ ಹಿಮ ಎಲ್ಲಿದೆ? ಏಪ್ರಿಲ್ ಬಿಸಿಲಲ್ಲಿ ಆ ಮೆತ್ತನೆ ರಬ್ಬರ್ ಬೇಗ ಸವೆಯುತ್ತೆ. ಬ್ಯಾಟರಿಯ ಭಾರ, ಕಾಲಿಟ್ಟ ಕೂಡಲೇ ಚಿಮ್ಮುವ ಮೋಟಾರು, ಇವೆರಡರಿಂದ ಎಲೆಕ್ಟ್ರಿಕ್ ಕಾರಿನ ಟೈರ್ ಮೊದಲೇ ಬೇಗ ಸವೆಯುತ್ತೆ. ಅದರ ಮೇಲೆ ಇದೊಂದು.

ನಮಗೆ ಬೇಕಿರೋದು ಹಿಮದ ಹಿಡಿತ ಅಲ್ಲ, ಒದ್ದೆ ರಸ್ತೆಯ ಹಿಡಿತ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಹಿಡೀತು ಅಂದ್ರೆ ಬಯಲುಸೀಮೆಯ ರಸ್ತೆಯಲ್ಲೂ ನೀರು ನಿಲ್ಲುತ್ತೆ. ಆಗ ಟೈರ್ ಅಗಲ ಇದ್ದಷ್ಟೂ, ಗೀರು ಸವೆದಿದ್ದಷ್ಟೂ ನೀರಿನ ಮೇಲೆ ತೇಲುವ ಅಪಾಯ ಹೆಚ್ಚು. ಸ್ಟೇರಿಂಗ್ ತಿರುಗಿಸಿದರೆ ಕಾರು ತಿರುಗಲ್ಲ, ಬ್ರೇಕ್ ಒತ್ತಿದರೆ ನಿಲ್ಲಲ್ಲ. ಗೀರಿನ ಆಳ 1.6 ಮಿ.ಮೀ.ಗೆ ಬಂದರೆ ಆ ಟೈರಿನ ಆಯುಸ್ಸು ಮುಗೀತು. ಗೀರಿನೊಳಗೆ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ, ರಬ್ಬರ್ ಅದರ ಮಟ್ಟಕ್ಕೆ ಬಂದರೆ ಬದಲಾಯಿಸಿ.

ಹಾಗಾದ್ರೆ ಏನು ಮಾಡಬೇಕು? ಚಾಲಕನ ಬಾಗಿಲು ತೆಗೆಯಿರಿ. ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ. ಯಾವ ಸೈಜು, ಎಷ್ಟು ಗಾಳಿ, ಎಲ್ಲ ಬರೆದಿರ್ತಾರೆ. ಅದೇ ಸೈಜು ಹಾಕಿಸಿ, ಇಲ್ಲವೇ ಅದೇ ಕಾರಿಗೆ ಕಂಪನಿ ಒಪ್ಪಿದ ಬೇರೆ ಸೈಜು ಇದೆಯಾ ಅಂತ ಕೇಳಿ. ಸೈಜಿನ ಮುಂದೆ ಇನ್ನೊಂದು ಅಂಕಿ ಇರುತ್ತೆ, ಭಾರದ ಅಂಕಿ. 82 ಅಂದ್ರೆ ಒಂದು ಟೈರ್ 475 ಕೆ.ಜಿ. ಹೊರುತ್ತೆ, 95 ಅಂದ್ರೆ 690 ಕೆ.ಜಿ. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಅಂಕಿಯದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಫ್ರಿಜ್ಜಿಗೆ ಇರುವ ಹಾಗೆ ಈಗ ಟೈರಿಗೂ ಬಿಇಇ ಸ್ಟಾರ್ ಲೇಬಲ್ ಇದೆ, ಕೇಳಿ ನೋಡಿ. ಒದ್ದೆ ರಸ್ತೆಯ ಹಿಡಿತ ಹೇಗಿದೆ ಅಂತ ಪ್ರತ್ಯೇಕವಾಗಿ ಕೇಳಿ. ಬೆಳಗ್ಗೆ ಕಾರು ಓಡಿಸುವ ಮುಂಚೆ, ಟೈರ್ ತಣ್ಣಗಿದ್ದಾಗ ಗಾಳಿ ನೋಡಿಸಿ. ಹವೆ ಹತ್ತು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಸುಮಾರು ಒಂದೂವರೆಯಿಂದ ಎರಡು ಪಾಯಿಂಟ್ ಗಾಳಿ ಇಳಿಯುತ್ತೆ. ಖರ್ಚಿಲ್ಲದೆ ಬ್ಯಾಟರಿ ಉಳಿಸುವ ದಾರಿಗಳಲ್ಲಿ ಇದೊಂದು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನ ಮಾರ್ಪಾಡು ಮಾಡೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ನಾಳೆ ಅಪಘಾತ ಆಗಿ ಇನ್ಶೂರೆನ್ಸ್‌ನವರು ಬಂದಾಗ ವಾದಕ್ಕೆ ನೀವೇ ಯಾಕೆ ಒಂದು ಕಾರಣ ಕೊಡ್ತೀರಿ?

ಈಗ ಕೊನೆಯ ಪ್ರಶ್ನೆ. ಜನಕ್ಕೆ ದೊಡ್ಡ ಟೈರಿನ ಆಸೆ ಹುಟ್ಟಿದ್ದೇ ಯಾಕೆ? ಶೋಕಿಗೆ ಹಾಕಿಸುವವರನ್ನು ಬಿಡಿ. ಊರ ದಾರಿಯಲ್ಲಿ ಅಡಿ ಉಜ್ಜುತ್ತೆ ಅಂತ ಹಾಕಿಸುವವರ ತಪ್ಪೇನು? ಹಂಪು ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ: ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಅಂದ್ರೆ ಒಂದು ಕಾರಿನ ಉದ್ದದಷ್ಟು ಅಗಲಕ್ಕೆ ಮೆಲ್ಲಗೆ ಏರಿ, ಮೆಲ್ಲಗೆ ಇಳಿಯಬೇಕು. ಹಾಗೆ ಕಟ್ಟಿದ ಹಂಪಿನ ಮೇಲೆ ಸಣ್ಣ ಕಾರೂ ಸಲೀಸಾಗಿ ದಾಟುತ್ತೆ. ನಮ್ಮ ಊರುಗಳಲ್ಲಿ ಏನಾಗುತ್ತೆ? ಮಿಕ್ಕ ಡಾಂಬರ್ ತಂದು ಗೋಡೆ ಎಬ್ಬಿಸಿದ ಹಾಗೆ ಸುರೀತಾರೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಆ ಗೋಡೆಯ ಮುಂದೆ ನಿಮ್ಮ ಒಂದೂವರೆ ಸೆಂಟಿಮೀಟರ್ ಯಾವ ಲೆಕ್ಕ?

ಎಲೆಕ್ಟ್ರಿಕ್ ಕಾರು ತಗೊಳ್ಳಿ ಅಂತ ಸರ್ಕಾರವೇ ಹೇಳುತ್ತೆ. 120ರಲ್ಲಿ ಓಡಿಸೋಕೆ ಎಕ್ಸ್‌ಪ್ರೆಸ್‌ವೇ ಕಟ್ಟುತ್ತೆ. ಅಲ್ಲಿಂದ ಮನೆ ಬಾಗಿಲವರೆಗಿನ ಹತ್ತಿಪ್ಪತ್ತು ಕಿಲೋಮೀಟರ್ ಮಾತ್ರ ಯಾರ ಕಣ್ಣಿಗೂ ಬೀಳಲ್ಲ. ರಸ್ತೆ ಸರಿ ಮಾಡಬೇಕಾದವರು ಸುಮ್ಮನೆ ಕೂತರೆ, ಅದರ ಬಿಲ್ಲು ಟೈರ್ ಅಂಗಡಿಯಲ್ಲಿ ನಿಮ್ಮ ಹೆಸರಿಗೆ ಬರುತ್ತೆ, ಆಮೇಲೆ ದಿನಾ ಮನೆಯ ಕರೆಂಟ್ ಮೀಟರಿನಲ್ಲೂ ಬರುತ್ತೆ. ನಿಮ್ಮೂರಿನ ಹಂಪಿಗೆ ಟೇಪ್ ಹಿಡಿಯಿರಿ. ಅಳತೆ ಬರೆದು, ಫೋಟೊ ಹಚ್ಚಿ, ಪಂಚಾಯ್ತಿಗೂ ಲೋಕೋಪಯೋಗಿ ಇಲಾಖೆಗೂ ಅರ್ಜಿ ಕೊಡಿ. ಬದಲಾಗಬೇಕಾದ್ದು ಟೈರಿನ ಸೈಜಲ್ಲ, ಹಂಪಿನ ಸೈಜು.