ಮನೆಗೆ ಕಳಿಸುವ ಮೊದಲು ಪಾದ ನೋಡಿ

ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟು-ಒಂಬತ್ತು ಮಕ್ಕಳ ಹೃದಯದಲ್ಲಿ ಏನಾದರೊಂದು ಊನವಿರುತ್ತದೆ. ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆತಂಕವಿರುವುದು ಸುಮಾರು ಕಾಲು ಭಾಗದ ಮಕ್ಕಳ ವಿಷಯದಲ್ಲಿ. ಅವರಿಗೆ ಮೊದಲ ವರ್ಷದಲ್ಲೇ ಚಿಕಿತ್ಸೆಯಾಗಬೇಕು. ಇವರಲ್ಲಿ ಕೆಲವರಿಗಂತೂ ಅಷ್ಟು ಸಮಯವೂ ಇಲ್ಲ. ಹೃದಯದಿಂದ ಹೊರಡುವ ಎರಡು ಮಹಾನಾಳಗಳು ಅದಲುಬದಲಾಗಿ ಹುಟ್ಟಿದ ಮಗುವನ್ನೇ ನೋಡಿ. ಮೈಗೆ ಹೋದ ರಕ್ತ ಮೈಗೇ, ಶ್ವಾಸಕೋಶಕ್ಕೆ ಹೋದದ್ದು ಅಲ್ಲಿಗೇ ಸುತ್ತುತ್ತಿರುತ್ತದೆ. ಗರ್ಭದಲ್ಲಿದ್ದಾಗಿನ ಡಕ್ಟಸ್ ಎಂಬ ಕಿರುನಾಳ ತೆರೆದಿರುವಷ್ಟು ಹೊತ್ತು ಎರಡೂ ರಕ್ತ ಒಂದಿಷ್ಟು ಬೆರೆಯುತ್ತವೆ. ಎರಡು-ಮೂರು ದಿನದಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ತಾಯಿ-ಮಗು ಮನೆ ಸೇರಿರುತ್ತಾರೆ. ಅದಲುಬದಲಾದ ನಾಳಗಳನ್ನು ಕತ್ತರಿಸಿ, ಹೃದಯಕ್ಕೇ ರಕ್ತ ಕೊಡುವ ದಾರದಂಥ ಕರೊನರಿ ನಾಳಗಳ ಸಮೇತ ಸರಿಯಾದ ಜಾಗಕ್ಕೆ ಹೊಲಿಯುವ ಶಸ್ತ್ರಚಿಕಿತ್ಸೆಯನ್ನು ಬ್ರೆಜಿಲ್‌ನ ಅಡಿಬ್ ಜಟೇನೆ 1975ರಲ್ಲೇ ಮಾಡಿ ತೋರಿಸಿದರು. ಆದರೆ ಅದನ್ನು ಮೊದಲ ಕೆಲವು ವಾರಗಳೊಳಗೆ ಮಾಡುವುದು ಒಳ್ಳೆಯದು: ಕಡಿಮೆ ಒತ್ತಡದ ಶ್ವಾಸಕೋಶಕ್ಕೆ ರಕ್ತ ತಳ್ಳುತ್ತಾ ಎಡ ಹೃತ್ಕುಕ್ಷಿ ಸೊರಗುತ್ತದೆ, ಆಮೇಲೆ ಇಡೀ ಮೈಯ ಭಾರ ಹೊರಲಾರದು. ಹಾಗಾಗಿ ಮಗು ಉಳಿಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಹೆರಿಗೆ ವಾರ್ಡಿನಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ವಾದ. ಹುಟ್ಟಿ 24 ಗಂಟೆಯಾದ ಮೇಲೆ ಬಲಗೈಗೂ ಒಂದು ಪಾದಕ್ಕೂ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಹಚ್ಚಿ ನೋಡದೆ ಯಾವ ಮಗುವನ್ನೂ ಮನೆಗೆ ಕಳಿಸಬಾರದು.

ಅನುಭವಿ ವೈದ್ಯರಿಗೆ ಮಗು ನೀಲಿಯಾದದ್ದು ಕಾಣುವುದಿಲ್ಲವೇ ಎನ್ನಬಹುದು. ಆಮ್ಲಜನಕ ಶೇ. 80ರ ಆಸುಪಾಸಿಗೆ ಇಳಿಯುವವರೆಗೂ ಕಣ್ಣು ಮೋಸಹೋಗುತ್ತದೆ; ನಮ್ಮ ಕಪ್ಪು-ಕಂದು ಮೈಬಣ್ಣದಲ್ಲಿ ಇನ್ನೂ ಹೆಚ್ಚು. ಸುಳ್ಳು ಎಚ್ಚರಿಕೆಯಿಂದ ತಂದೆ-ತಾಯಿ ಕಂಗಾಲಾಗುವರೆಂಬ ಮಾತೂ ಇದೆ. ಸುಮಾರು 2.3 ಲಕ್ಷ ನವಜಾತ ಶಿಶುಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ವಿಮರ್ಶೆಯಲ್ಲಿ, ಗಂಭೀರ ದೋಷಗಳ ಮುಕ್ಕಾಲು ಪಾಲನ್ನು ಈ ಪರೀಕ್ಷೆ ಹಿಡಿದಿತ್ತು. 24 ಗಂಟೆ ಕಾದು ಮಾಡಿದರೆ ಸುಳ್ಳು ಎಚ್ಚರಿಕೆ ಹತ್ತು ಸಾವಿರಕ್ಕೆ ಐದರಷ್ಟೇ. ಉಳಿದ ಕಾಲು ಪಾಲು ತಪ್ಪಿಹೋಗುತ್ತದೆ, ನಿಜ. ಮಹಾಪಧಮನಿ ಒಂದೆಡೆ ಕಿರಿದಾದ ಮಗುವಿನಲ್ಲಿ ಆಮ್ಲಜನಕ ಸರಿಯಾಗಿಯೇ ತೋರಬಹುದು. ಅದಕ್ಕೇ ತೊಡೆಸಂದಿನ ನಾಡಿಯನ್ನು ಬೆರಳಿಟ್ಟು ನೋಡುವ ಹಳೆಯ ಪಾಠವನ್ನು ಯಂತ್ರ ಬಂತೆಂದು ಮರೆಯುವಂತಿಲ್ಲ.

ನಿಜಕ್ಕೂ ತೂಕವಿರುವ ಆಕ್ಷೇಪ ಬೇರೆ: ಆಪರೇಷನ್ ಮಾಡುವವರು ಬೆಂಗಳೂರಿನಂಥ ಊರಲ್ಲಿರುವಾಗ ದೂರದ ತಾಲ್ಲೂಕಿನಲ್ಲಿ ದೋಷ ಹಿಡಿದು ಏನು ಪ್ರಯೋಜನ? ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧಿಯನ್ನು ಡ್ರಿಪ್‌ನಲ್ಲಿ ಕೊಟ್ಟರೆ ಆ ಕಿರುನಾಳ ಮುಚ್ಚದೆ ಉಳಿಯುತ್ತದೆ, ಪ್ರಯಾಣಕ್ಕೆ ಸಮಯ ಸಿಗುತ್ತದೆ. ಮಕ್ಕಳ ದೋಷಗಳನ್ನು ಬೇಗ ಹುಡುಕಿ ಚಿಕಿತ್ಸೆ ಕೊಡಿಸಲೆಂದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಹೃದಯದೋಷವೂ ಇದೆ. ಆದರೆ ಔಷಧಿಯನ್ನು ಫ್ರಿಜ್ಜಿನಲ್ಲಿಡಬೇಕು; ಅದು ಕೆಲವು ಮಕ್ಕಳ ಉಸಿರನ್ನೇ ತಡೆಯುವುದರಿಂದ, ಆಂಬುಲೆನ್ಸಿನಲ್ಲಿ ಮಗುವಿಗೆ ಉಸಿರು ಕೊಡಬಲ್ಲವರೊಬ್ಬರು ದಾರಿಯುದ್ದಕ್ಕೂ ಪಕ್ಕದಲ್ಲಿರಬೇಕು.